ಡೈರಿಗೆ ಇಳಿಸಿದ ರೈಲಿನ ಸಮಯ

ಮಕ್ಕಳೇ, ಕಳೆದ ಭಾನುವಾರ ನೀವು ಕಾಮೋಠೆಯಿಂದ ಬಂದಾಗ ನನ್ನ ಕಪಾಟಿನಲ್ಲಿ ನಿಮಗೊಂದು ನೀಲಿ ಡೈರಿ ಸಿಕ್ಕಿತು. ಒಳಗೆ ರೈಲಿನ ಸಮಯ, ಊರುಗಳ ಪಿನ್ ಕೋಡು, ಏಕಾದಶಿಗಳು, ಕರೆಂಟು ಹೋಗುವ ಹೊತ್ತು ಎಲ್ಲ ನನ್ನ ಅಕ್ಷರದಲ್ಲಿ ಬರೆದದ್ದು ನೋಡಿ ನೀವಿಬ್ಬರೂ ನಕ್ಕಿರಿ. "ಅಜ್ಜಿ, ಯೆ ಸಬ್ ತೊ ಫೋನ್ ಮೇ ಹೈ" ಎಂದಳು ಚಿಕ್ಕವಳು, ಇದೆಲ್ಲ ಫೋನಿನಲ್ಲೇ ಇದೆಯಲ್ಲ ಎಂದು. ದೊಡ್ಡವನು ಮಾತ್ರ ಒಂದು ಪುಟದ ಮೇಲೆ ಮೂಲೆಯಿಂದ ಮೂಲೆಗೆ ಗೆರೆ ಎಳೆದದ್ದನ್ನು ಕಂಡು ಇದೇಕೆ ಹೀಗೆ ಎಂದು ಕೇಳಿದ. ನಾನು ಏನೋ ಹೇಳಿ ಡೈರಿಯನ್ನು ಒಳಗಿಟ್ಟೆ. ಬಾಯಲ್ಲಿ ಹೇಳುವುದಕ್ಕಿಂತ ಬರೆಯುವುದು ನನಗೆ ಸುಲಭ. ನಿಮಗೆ ಕನ್ನಡ ಓದಲು ಬರುವುದಿಲ್ಲ. ನಿಮ್ಮ ಅಮ್ಮ ಓದಿ ಹೇಳಲಿ.

ನಾನು ಓದಿದ್ದು ಊರಿನ ಶಾಲೆಯಲ್ಲಿ, ಏಳನೆಯ ಕ್ಲಾಸಿನವರೆಗೆ. ಬರಹ ದುಂಡಗಿತ್ತು, ಲೆಕ್ಕ ಬರುತ್ತಿತ್ತು, ಆದರೆ ಎದ್ದು ನಿಂತು ಒಂದು ಪ್ರಶ್ನೆ ಕೇಳಿದ ನೆನಪಿಲ್ಲ. ಮಾಸ್ತರರು ಬೋರ್ಡಿನ ಮೇಲೆ ಬರೆದದ್ದನ್ನು ಕಾಪಿ ಮಾಡಿಕೊಳ್ಳುವುದು, ಕಾಪಿ ಮಾಡಿದ್ದನ್ನು ಬಾಯಿಪಾಠ ಮಾಡುವುದು, ಇಷ್ಟೇ ನಮಗೆ ಗೊತ್ತಿದ್ದ ಕಲಿಕೆ. ಬರೆದಿಟ್ಟದ್ದು ಬದಲಾಗುತ್ತದೆ ಎಂದು ಯಾರೂ ಹೇಳಿರಲಿಲ್ಲ.

ಮದುವೆಯಾಗಿ ಮುಂಬಯಿ ಕಡೆಯ ಈ ಠಾಕುರ್ಲಿಗೆ ಬಂದ ಮೇಲೆ ಹೊರಗಿನ ಮಾತೆಲ್ಲ ನಿಮ್ಮ ಅಜ್ಜನದು. ಅವರು ಠಾಣೆಯ ಒಂದು ಆಫೀಸಿನ ಕ್ಯಾಂಟೀನ್ ನೋಡಿಕೊಳ್ಳುತ್ತಿದ್ದರು. ಮರಾಠಿ, ಹಿಂದಿ, ಗುಜರಾತಿ, ಯಾವುದರಲ್ಲೂ ಅವರಿಗೆ ಸಂಕೋಚವಿರಲಿಲ್ಲ. ಗ್ಯಾಸ್ ಯಾವಾಗ ಬರುತ್ತದೆ, ರೇಷನ್ ಕಾರ್ಡಿಗೆ ಯಾವ ಕಾಗದ ಬೇಕು, ಊರಿಗೆ ಹೋಗುವ ಗಾಡಿ ಯಾವ ಪ್ಲಾಟ್‌ಫಾರ್ಮಿಗೆ ಬರುತ್ತದೆ, ಎಲ್ಲ ಅವರೇ ಕೇಳಿಕೊಂಡು ಬರುತ್ತಿದ್ದರು. ಒಮ್ಮೆ ಮಾತ್ರ ಅವರಿಗೆ ಜ್ವರ ಬಂದು ನಾನು ಕಲ್ಯಾಣ್ ಸ್ಟೇಷನ್ನಿನ ವಿಚಾರಣೆಯ ಕಿಟಕಿಗೆ ಹೋಗಬೇಕಾಯಿತು. ಮನೆಯಿಂದ ಹೊರಟಾಗಿನಿಂದ ಮನಸ್ಸಿನಲ್ಲೇ ಹಿಂದಿ ವಾಕ್ಯ ಜೋಡಿಸಿಕೊಂಡಿದ್ದೆ. ಕಿಟಕಿಯ ಮುಂದೆ ನಿಂತಾಗ ಅರ್ಧ ಹಿಂದಿ, ಅರ್ಧ ತುಳು ಹೊರಬಿತ್ತು, ಅದೂ ನನಗೇ ಕೇಳಿಸದಷ್ಟು ಮೆಲ್ಲಗೆ. ಒಳಗಿದ್ದವರು "ಬಾಯಿ, ಮೋಠ್ಯಾನೆ ಬೋಲಾ" ಎಂದರು. ಅಮ್ಮಾ, ಗಟ್ಟಿಯಾಗಿ ಮಾತಾಡಿ ಎಂದಷ್ಟೇ ಅದರ ಅರ್ಥ, ಬೈಗುಳವಲ್ಲ. ಆದರೆ ಹಿಂದೆ ನಿಂತವರು ಯಾರೋ ನಕ್ಕರು. ನಾನು ಏನೂ ಕೇಳದೆ ಮನೆಗೆ ಬಂದು, ಕಿಟಕಿ ಮುಚ್ಚಿತ್ತು ಎಂದು ಸುಳ್ಳು ಹೇಳಿದೆ.

ಅಜ್ಜ ಹೋದ ಮೇಲೆ ಅಡುಗೆ ಕಡಿಮೆಯಾಯಿತು, ಬಟ್ಟೆ ಕಡಿಮೆಯಾಯಿತು, ಕೇಳುವ ಕೆಲಸ ಮಾತ್ರ ಹಾಗೆಯೇ ಉಳಿಯಿತು. ನಿಮ್ಮ ಅಪ್ಪ ಬೆಳಿಗ್ಗೆ ಏಳಕ್ಕೆ ಹೊರಟರೆ ಮನೆ ಸೇರುವಾಗ ಒಂಬತ್ತಾಗುತ್ತಿತ್ತು. ಅವನನ್ನು ಕೇಳಲೂ ನನಗೆ ಹಿಂಜರಿಕೆ.

ಆಗ ನಿಮ್ಮ ಅಮ್ಮ ಸೊಸೆಯಾಗಿ ಬಂದಳು. ಅವಳು ಮೈಸೂರಿನವಳು, ಘಣಸೋಲಿಯ ಹತ್ತಿರದ ಒಂದು ಕಂಪನಿಯಲ್ಲಿ ಕೆಲಸ. ಮನೆಗೆ ಕಂಪ್ಯೂಟರ್ ಬಂದದ್ದೂ ಅದೇ ವರ್ಷ. ಟಿವಿಯ ಕೇಬಲ್ ಹಾಕುವವರೇ ಇಂಟರ್ನೆಟ್ಟಿನ ವೈರನ್ನೂ ಕಿಟಕಿಯಿಂದ ಒಳಗೆ ಎಳೆದುಕೊಟ್ಟರು. ಒಂದು ಭಾನುವಾರ ಮಧ್ಯಾಹ್ನ ಅವಳು ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು, "ಅತ್ತೆ, ನಿಮಗೆ ಏನು ತಿಳ್ಕೋಬೇಕು ಹೇಳಿ, ಕೇಳೋಣ" ಎಂದಳು.

"ಯಾರನ್ನು ಕೇಳುವುದು?"

"ಯಾರನ್ನೂ ಅಲ್ಲ ಅತ್ತೆ. ಇದರಲ್ಲಿ ಬರೆದ್ರೆ ಆಯ್ತು."

ಬರುವ ಏಕಾದಶಿ ಯಾವತ್ತು ಎಂದೆ. ಪಂಚಾಂಗದ ಒಂದು ಪುಟ ತೆರೆದು ತೋರಿಸಿದಳು. ಊರಿನ ಪಿನ್ ಕೋಡು ಎಂದೆ, ಅದೂ ಬಂತು. ಊರಿನ ಸುದ್ದಿ ಎಂದೆ. ಮಂಗಳೂರಿನಲ್ಲಿ ಅಂದು ಬೆಳಿಗ್ಗೆ ಬಂದ ಪೇಪರು ಠಾಕುರ್ಲಿಯ ನಮ್ಮ ಹಾಲ್‌ನಲ್ಲಿ ತೆರೆದುಕೊಂಡಿತು. ಇದಕ್ಕೆಲ್ಲ ಏನು ಕೊಡಬೇಕು ಎಂದು ಕೇಳಿದೆ. ಪುಕ್ಕಟೆ ಎಂದಳು. ನನಗೆ ನಂಬಿಕೆ ಬರಲಿಲ್ಲ. ನಮ್ಮ ಕಡೆ ಯಾರಾದರೂ ಒಂದು ವಿಷಯ ತಿಳಿಸಿದರೆ ಅವರನ್ನು ಕೂರಿಸಿ, ಬೆಲ್ಲ ನೀರು ಕೊಟ್ಟು, ಹೋಗುವಾಗ ಕೈಯಲ್ಲಿ ನಾಲ್ಕು ಬದನೆಕಾಯಿ ಇಡುತ್ತೇವೆ. ಇಲ್ಲಿ ಕೊಡುವವರ ಮುಖವೇ ಕಾಣುವುದಿಲ್ಲ, ಏನನ್ನು ಯಾರ ಕೈಯಲ್ಲಿ ಇಡುವುದು? ಆದರೆ ನಿಜ ಹೇಳಬೇಕೆಂದರೆ, ನನಗೆ ಹಿತವಾದದ್ದು ಅದೇ. ಮುಖವಿಲ್ಲದ ಕಡೆ ನಗುವವರೂ ಇಲ್ಲ. ಒಂದೇ ಪ್ರಶ್ನೆಯನ್ನು ಮೂರು ಸಲ ಕೇಳಿದರೂ ಅದು ಬೇಸರಿಸಲಿಲ್ಲ. ಗಟ್ಟಿಯಾಗಿ ಮಾತಾಡಿ ಎನ್ನಲಿಲ್ಲ.

ಕಂಪ್ಯೂಟರನ್ನು ಒಬ್ಬಳೇ ಹಾಕಲು ನನಗೆ ಧೈರ್ಯವಿರಲಿಲ್ಲ. ಯಾವುದಾದರೂ ಗುಂಡಿ ಒತ್ತಿ ನಿಮ್ಮ ಅಪ್ಪನ ಕೆಲಸ ಅಳಿಸಿಹೋದರೆ ಎಂಬ ಹೆದರಿಕೆ. ಆದ್ದರಿಂದ ಭಾನುವಾರ ನಿಮ್ಮ ಅಮ್ಮನ ಪಕ್ಕದಲ್ಲಿ ಕುಳಿತು, ಬೇಕಾದ್ದನ್ನೆಲ್ಲ ಅವಳ ಆಫೀಸಿನಿಂದ ಬಂದ ನೀಲಿ ಡೈರಿಗೆ ಕಾಪಿ ಮಾಡಿಕೊಳ್ಳತೊಡಗಿದೆ. ಅವಳು ಒಮ್ಮೆ ಹೇಳಿದ್ದಳು: "ಅತ್ತೆ, ಇದು ಪುಸ್ತಕ ಅಲ್ಲ. ಬೇಕಾದಾಗ ಮತ್ತೆ ನೋಡಬಹುದು, ಯಾಕೆ ಬರ್ಕೊಂಡು ಕೈ ನೋಯಿಸ್ಕೋತೀರಿ?" ನನ್ನ ಕೈಯ ಚಿಂತೆ ಮಾಡುತ್ತಿದ್ದಾಳೆ ಎಂದುಕೊಂಡೆ. ಇದು ಪುಸ್ತಕ ಅಲ್ಲ ಎಂಬ ಮಾತು ಕಿವಿಯ ಮೇಲೇ ಹಾದುಹೋಯಿತು.

ಡೈರಿಯ ಸುದ್ದಿ ಹಬ್ಬಿಸಿದವರು ಎದುರು ಮನೆಯ ಅಕ್ಕ. ಅವರೂ ನಮ್ಮ ಕಡೆಯವರೇ, ಕಾಪುವಿನ ಹತ್ತಿರದವರು, ನನಗಿಂತ ನಾಲ್ಕಾರು ವರ್ಷ ದೊಡ್ಡವರು. ಗಂಡ ಘಣಸೋಲಿಯಲ್ಲಿ ಒಂದು ಚಿಕ್ಕ ಕ್ಯಾಂಟೀನ್ ನಡೆಸುತ್ತಿದ್ದರು. ತಡವಾಗಿ ಹುಟ್ಟಿದ ಒಬ್ಬಳೇ ಮಗಳು. ನಾವಿಬ್ಬರು ಮಾತಾಡುತ್ತಿದ್ದುದು ತುಳುವಿನಲ್ಲಿ. ನಿಮಗಾಗಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಮೊದಲು ಅವರು ಯಾವುದೋ ಪಾರ್ಸೆಲ್ಲಿಗೆ ಪಿನ್ ಕೋಡು ಕೇಳಿದರು. ಆಮೇಲೆ ಮೂರನೆಯ ಮಹಡಿಯ ಮರಾಠಿ ಆಜಿ ಸಂಕಷ್ಟಿಯ ಚಂದ್ರೋದಯ ಎಷ್ಟು ಹೊತ್ತಿಗೆ ಎಂದು ಕೇಳಿಸಿದರು. ಲೋಡ್‌ಶೆಡ್ಡಿಂಗಿನ ಸಮಯಕ್ಕಾಗಿ ಇಡೀ ಬಿಲ್ಡಿಂಗ್ ಬರುತ್ತಿತ್ತು, ಏಕೆಂದರೆ ಕರೆಂಟು ಹೋಗುವ ಮೊದಲೇ ಮಿಕ್ಸಿ ತಿರುಗಿಸಿಕೊಳ್ಳಬೇಕಲ್ಲ. ಹೊಸ ನೆಂಟಸ್ತಿಕೆಯಂತಿತ್ತು ಅದು. ಪುಕ್ಕಟೆ ಪಡೆದದ್ದಕ್ಕೆ ಬದಲು ಕೊಡುವ ದಾರಿ ನನಗೂ ಸಿಕ್ಕಿತು ಎಂದು ಖುಷಿಪಟ್ಟೆ. ಬಾಯಿ ಬಿಡದವಳ ಬಾಗಿಲಿಗೆ ಜನ ಬರತೊಡಗಿದ್ದರು. ಅಕ್ಕ ತಮಾಷೆಗೆ ನನ್ನನ್ನು "ಎನ್‌ಕ್ವಾಯರಿ" ಎಂದೇ ಕರೆಯುತ್ತಿದ್ದರು. ಹೊರಗೆ ತೋರಿಸಿಕೊಳ್ಳದಿದ್ದರೂ ಒಳಗೊಳಗೆ ಹೆಮ್ಮೆಪಡುತ್ತಿದ್ದೆ.

ಅಕ್ಕನ ಮಗಳು ಹನ್ನೆರಡನೆಯ ಕ್ಲಾಸಿನ ಪರೀಕ್ಷೆ ಬರೆದ ವರ್ಷ ರಿಸಲ್ಟು ನೋಡಿದ್ದೂ ನಮ್ಮ ಕಂಪ್ಯೂಟರಿನಲ್ಲೇ. ನಂಬರು ಹಾಕಿದರೆ ಸಾಕು, ಶಾಲೆಗೆ ಓಡಬೇಕಾಗಿಲ್ಲ, ಬೋರ್ಡಿನ ಮುಂದೆ ನೂಕಾಡಬೇಕಾಗಿಲ್ಲ. ಹುಡುಗಿಗೆ ನರ್ಸ್ ಆಗುವ ಹಟ. ಅವಳ ಅಜ್ಜ ಕೊನೆಯ ಒಂದು ವರ್ಷ ಹಾಸಿಗೆಯಲ್ಲೇ ಇದ್ದಾಗ ಶಾಲೆ ಮುಗಿಸಿ ಬಂದು ಅವರನ್ನು ಮಗ್ಗುಲು ಹೊರಳಿಸುತ್ತಿದ್ದವಳು ಅವಳೇ. ಉಡುಪಿಯ ಕಡೆಯ ಒಂದು ನರ್ಸಿಂಗ್ ಶಾಲೆಯಲ್ಲಿ ಸೀಟು ಸಿಕ್ಕಿತು. ಜೂನ್ ತಿಂಗಳ ಇಂಥ ದಿನ ಮಧ್ಯಾಹ್ನ ಹನ್ನೆರಡರೊಳಗೆ ಮೂಲ ಸರ್ಟಿಫಿಕೇಟುಗಳ ಜೊತೆ ಹಾಜರಾಗಬೇಕು, ಇಲ್ಲವಾದರೆ ಸೀಟು ಪಟ್ಟಿಯಲ್ಲಿ ಮುಂದಿನವರಿಗೆ ಎಂದು ಕಾಗದ ಬಂತು. ಅಪ್ಪನಿಗೆ ಮೊದಲಿನಿಂದಲೂ ಮನಸ್ಸಿರಲಿಲ್ಲ. ಸೀಟು ಹೋದರೆ ಕ್ಯಾಂಟೀನಿನ ಕೌಂಟರಿನಲ್ಲಿ ಕೂತುಕೊಳ್ಳಲಿ, ಆಮೇಲೆ ಮದುವೆ ನೋಡುವಾ ಎಂದು ಹೇಳಿಬಿಟ್ಟಿದ್ದರು. ಎರಡನೆಯ ಅವಕಾಶ ಇಲ್ಲ ಎಂಬುದು ಹುಡುಗಿಗೂ ಗೊತ್ತಿತ್ತು, ತಾಯಿಗೂ ಗೊತ್ತಿತ್ತು.

ಕುರ್ಲಾದಿಂದ ಮಧ್ಯಾಹ್ನ ಹೊರಡುವ, ನಾವೆಲ್ಲ ಯಾವಾಗಲೂ ಹೋಗುವ ಗಾಡಿಯಲ್ಲಿ ಬರ್ತ್ ಇರಲಿಲ್ಲ. ಶಾಲೆ ಶುರುವಾಗುವ ಸಮಯ. ಉತ್ತರದಿಂದ ಬಂದು ಕಲ್ಯಾಣ್, ಪನ್ವೇಲ್ ಮೇಲೆ ಕರಾವಳಿಗೆ ಹೋಗುವ ಇನ್ನೊಂದು ಗಾಡಿಯಲ್ಲಿ ಎರಡು ಬರ್ತ್ ಸಿಕ್ಕಿದವು. ಅಕ್ಕ ನನ್ನ ಬಾಗಿಲಿಗೆ ಬಂದರು.

"ಎನ್‌ಕ್ವಾಯರಿ, ಆ ಗಾಡಿ ಕಲ್ಯಾಣಿಗೆ ಎಷ್ಟು ಗಂಟೆಗೆ?"

ಡೈರಿ ತೆಗೆದು ನೋಡಿದೆ. "ಬೆಳಿಗ್ಗೆ ಹತ್ತಕ್ಕೆ ಅಕ್ಕ."

"ಮಳೆ ಶುರುವಾಯಿತಲ್ಲ ಮಾರಾಯ್ತಿ, ಏನಾದರೂ ಬದಲು ಉಂಟಾ?"

"ಮಳೆಗಾಲದಲ್ಲಿ ಗಾಡಿ ನಿಧಾನ ಹೋಗುತ್ತದೆ, ತಡವಾಗಿ ಮುಟ್ಟುತ್ತದೆ. ಇಲ್ಲಿಂದ ಹೊರಡುವುದಕ್ಕೆ ಎಂತ?" ಎಂದೆ.

ಇದು ನಮ್ಮ ಕಡೆಯವರಿಗೆಲ್ಲ ಗೊತ್ತಿದ್ದ ವಿಷಯ. ಕೊಂಕಣದ ಗುಡ್ಡ ಕುಸಿದೀತೆಂದು ಮಳೆಗಾಲದಲ್ಲಿ ಗಾಡಿಗಳನ್ನು ನಿಧಾನವಾಗಿ ಓಡಿಸುತ್ತಾರೆ. ನಾವು ಹೋಗುತ್ತಿದ್ದ ಗಾಡಿ ಮಳೆಗಾಲವಿರಲಿ, ಬೇಸಿಗೆಯಿರಲಿ, ಇಲ್ಲಿಂದ ಅದೇ ಹೊತ್ತಿಗೆ ಹೊರಡುತ್ತಿತ್ತು; ಊರು ಮುಟ್ಟುವುದು ಮಾತ್ರ ತಡ. ಎಲ್ಲ ಗಾಡಿಯೂ ಹಾಗೇ ಎಂದು ಅಕ್ಕನೂ ನಂಬಿದರು. ನಮಗೆ ಗೊತ್ತಿದ್ದ ಅರ್ಧ ಸತ್ಯವೇ ನಮ್ಮ ಕಣ್ಣು ಕಟ್ಟಿತು.

ಹೊರಡುವ ದಿನ ನಾನೂ ಕಲ್ಯಾಣ್‌ವರೆಗೆ ಬರುತ್ತೇನೆ ಎಂದೆ. ಠಾಕುರ್ಲಿಯಿಂದ ಒಂದೇ ಸ್ಟೇಷನ್. ನಿಧಾನವಾಗಿಯೇ ಹೊರಟೆವು. ಅಕ್ಕ ಇಡ್ಲಿಗೆ ಚಟ್ನಿಪುಡಿ ಎಣ್ಣೆ ಸವರಿ ಡಬ್ಬಿಗೆ ತುಂಬಿದರು, ದೇವರಿಗೆ ದೀಪ ಹಚ್ಚಿದರು, ಗ್ಯಾಸ್ ಆರಿದೆಯೇ ಎಂದು ಎರಡು ಸಲ ನೋಡಿದರು. ಟಿಕೆಟ್ಟಿನಲ್ಲಿ ಬೋಗಿ ಯಾವುದು, ಬರ್ತ್ ಯಾವುದು ಎಂದಷ್ಟೇ ನೋಡಿಕೊಂಡೆವು. ಸಮಯಕ್ಕೆ ನನ್ನ ಡೈರಿ ಇತ್ತಲ್ಲ. ಒಂಬತ್ತೂವರೆಗೆ ಕಲ್ಯಾಣ್ ಪ್ಲಾಟ್‌ಫಾರ್ಮಿನಲ್ಲಿದ್ದೆವು. ಹೊರಗೆ ಮಳೆ ಹನಿಯುತ್ತಿತ್ತು. ಹತ್ತಾಯಿತು, ಹತ್ತೂವರೆಯಾಯಿತು. "ಮಳೆಗೆ ಲೇಟಾಗಿರಬೇಕು" ಎಂದು ನಾನೇ ಹೇಳಿದೆ. ಹುಡುಗಿ ಎದ್ದುಹೋಗಿ ಚಹಾದ ಸ್ಟಾಲಿನವರನ್ನು ಕೇಳಿ ಬಂದಳು. ಅವಳ ಮುಖ ಬಿಳಿಚಿತ್ತು.

"ಆಂಟಿ, ಟ್ರೇನ್ ತೊ ಸುಬಹ್ ಹೀ ಗಯಿ. ಸಾಡೇ ಛೇ ಬಜೆ."

ಬೆಳಿಗ್ಗೆ ಆರೂವರೆಗೇ ಗಾಡಿ ಹೋಗಿಬಿಟ್ಟಿತ್ತು. ಅಕ್ಕ ನನ್ನ ಕಡೆ ತಿರುಗಿದರು. ಬೈಯಲಿಲ್ಲ. "ನೀನು ಸರಿ ನೋಡಿದ್ದಿಯಲ್ಲ?" ಎಂದಷ್ಟೇ ಕೇಳಿದರು. ನಾನು ಚೀಲದಿಂದ ಡೈರಿ ತೆಗೆದು ಆ ಪುಟ ಬಿಡಿಸಿದೆ. ನನ್ನದೇ ದುಂಡು ಅಕ್ಷರದಲ್ಲಿ ಇತ್ತು, ಕಲ್ಯಾಣ್, ಬೆಳಿಗ್ಗೆ ಹತ್ತು. ಅದು ತಪ್ಪಾಗಿರಲಿಲ್ಲ. ಆದರೆ ಅದನ್ನು ಬರೆದದ್ದು ಸಂಕ್ರಾಂತಿಯ ಸುಮಾರಿಗೆ. ಪುಟದ ಮೇಲೆ ಅಂಟಿದ್ದ ಎಳ್ಳಿನ ಉಂಡೆಯ ಎಣ್ಣೆಯ ಕಲೆ ಇನ್ನೂ ಹಾಗೇ ಇತ್ತು.

ಹುಡುಗಿ ಅಪ್ಪನಿಗೆ ಫೋನ್ ಮಾಡುತ್ತಲೇ ಇದ್ದಳು. ಅದು ಕ್ಯಾಂಟೀನಿನ ಗಡಿಬಿಡಿಯ ಹೊತ್ತು, ಅವರು ಎತ್ತಲಿಲ್ಲ. ಅಕ್ಕ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತೇ ಇದ್ದರು. ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ಸೇತುವೆ ಹತ್ತಿ ಇಳಿದು ವಿಚಾರಣೆಯ ಕಿಟಕಿಯ ಸಾಲಿನಲ್ಲಿ ನಿಂತೆ. ಅಂದು ಕೇಳದೆ ಓಡಿಬಂದ ಅದೇ ಕಿಟಕಿ. ನನ್ನ ಸರದಿ ಬಂದಾಗ ಮಾತು ಮತ್ತೆ ಮೆಲ್ಲಗೇ ಹೊರಬಿತ್ತು.

"ಬಾಯಿ, ಮೋಠ್ಯಾನೆ ಬೋಲಾ."

ಮಾತಾಡುವವರು ಬೇರೆ, ಮಾತು ಮಾತ್ರ ಅದೇ. ಈ ಸಲ ನಾನು ಗಟ್ಟಿಯಾಗಿ ಹೇಳಿದೆ. ಮರಾಠಿ, ಹಿಂದಿ, ಕನ್ನಡ ಯಾವುದು ಮೊದಲು ಬಾಯಿಗೆ ಬಂತೋ ಅದರಲ್ಲಿ ಹೇಳಿದೆ. ಗಾಡಿ ತಪ್ಪಿತು, ಹುಡುಗಿಯ ಕಾಲೇಜು, ನಾಳೆ ಹನ್ನೆರಡು ಗಂಟೆ, ತಪ್ಪು ನನ್ನದು. ತಪ್ಪು ಯಾರದೆಂದು ಅವರು ಕೇಳಿರಲಿಲ್ಲ. ಅವರು ಗಾಜಿಗೆ ಒಳಗಿನಿಂದ ಅಂಟಿಸಿದ್ದ ಕಾಗದವನ್ನು ಬೆರಳಿನಿಂದ ತಟ್ಟಿ ತೋರಿಸಿದರು. ದೂರದಿಂದ ಬರುವ ಗಾಡಿ ಮುಂದೆ ಕೊಂಕಣದಲ್ಲಿ ನಿಧಾನ ಹೋಗಬೇಕಾದ್ದರಿಂದ ಮಳೆಗಾಲದಲ್ಲಿ ಅಲ್ಲಿಂದಲೇ ಬೇಗ ಹೊರಡುತ್ತದೆ, ಇಲ್ಲಿಗೂ ಬೇಗ ಬರುತ್ತದೆ. ಯಾರು ಬೇಕಾದರೂ ನೋಡುವಂತೆ ಹಚ್ಚಿದ್ದ ಕಾಗದ. ಆಮೇಲೆ ಅವರೇ ಹೇಳಿದರು: ಕುರ್ಲಾದ ಗಾಡಿ ಪೌಣೆ ನಾಲ್ಕಕ್ಕೆ, ಅಂದರೆ ಮೂರೂ ಮುಕ್ಕಾಲಿಗೆ, ಠಾಣೆಗೆ ಬರುತ್ತದೆ, ಜನರಲ್ ಟಿಕೆಟ್ ತೆಗೆಯಿರಿ, ಹೆಂಗಸರ ಡಬ್ಬಿ ಹಿಂದುಗಡೆ ಇರುತ್ತದೆ. ನಾನು ಧನ್ಯವಾದ ಹೇಳಲು ಮರೆತೆ. ನನ್ನ ಹಿಂದಿದ್ದ ಹೆಂಗಸು "ಜಾ ಆಜಿ, ವೇಳ್ ಆಹೆ, ಮಿಳೇಲ್" ಎಂದಳು. ಸಮಯವಿದೆ, ಸಿಗುತ್ತದೆ ಎಂದು. ಗುರುತಿಲ್ಲದವರು ಹೇಳಿದ ಆ ಮಾತು ನನ್ನನ್ನು ಸೇತುವೆಯವರೆಗೆ ನಡೆಸಿತು.

ಲೋಕಲ್ ಹಿಡಿದು ಠಾಣೆಗೆ ಹೋದೆವು. ಪ್ಲಾಟ್‌ಫಾರ್ಮಿನಲ್ಲಿ ಮೂರೂ ಜನ ಆ ಇಡ್ಲಿಯನ್ನು ತಿಂದೆವು. ಹುಡುಗಿ ಸರ್ಟಿಫಿಕೇಟುಗಳ ಕವರನ್ನು ಎದೆಗೆ ಒತ್ತಿಕೊಂಡೇ ತಿಂದಳು. ಗಾಡಿ ಬಂದಾಗ ಹೆಂಗಸರ ಡಬ್ಬಿಯ ಬಾಗಿಲು ಒಳಗಿನಿಂದ ಹಾಕಿತ್ತು. ಬಾಗಿಲ ಹಿಂದೆಯೇ ಜನ ಕೂತಿದ್ದರು. ಹುಡುಗಿ ಹಿಂದಿಯಲ್ಲಿ ಬೇಡಿಕೊಂಡಳು.

"ಜಗಹ್ ನಹೀ ಹೈ, ಆಗೇ ಜಾವೋ" ಎಂದು ಒಳಗಿನಿಂದ ಉತ್ತರ, ಜಾಗವಿಲ್ಲ, ಮುಂದೆ ಹೋಗಿ ಎಂದು.

ಗಾಡಿ ಅಲ್ಲಿ ನಿಲ್ಲುವುದೇ ಎರಡು ಮೂರು ನಿಮಿಷ. ನಾನು ಕಿಟಕಿಯ ಸರಳು ಹಿಡಿದು, ಇಷ್ಟು ವರ್ಷ ಎಲ್ಲಿ ಇಟ್ಟುಕೊಂಡಿದ್ದೆನೋ ಆ ದನಿಯಲ್ಲಿ, ತುಳುವಿನಲ್ಲಿ ಕೂಗಿದೆ: "ಅಕ್ಕಾ, ಬಾಕಿಲ್ ದೆಪ್ಪುಲೆ." ಬಾಗಿಲು ತೆರೆಯಿರಿ ಎಂದು. ಹುಡುಗಿ ನರ್ಸಿಂಗ್ ಸೇರಬೇಕು, ನಾಳೆಯೇ ಕೊನೆಯ ದಿನ, ಇಬ್ಬರಿಗೆ ನಿಲ್ಲುವಷ್ಟು ಜಾಗ ಕೊಡಿ. ಒಳಗೆ ಗಲಾಟೆ ಸ್ವಲ್ಪ ತಗ್ಗಿತು. "ಯಾರದು? ಯಾವ ಊರು?" ಎಂದು ಒಂದು ದನಿ ತುಳುವಿನಲ್ಲೇ ಕೇಳಿತು. ಅಕ್ಕ ತಮ್ಮ ಊರು ಕೂಗಿದರು. "ಅಯ್ಯೋ, ನಮ್ಮ ಪಕ್ಕದವರು ಮಾರಾಯ್ತಿ, ಆ ಚೀಲ ತೆಗಿ" ಎಂಬ ಮಾತು ಕೇಳಿಸಿತು. ಬಾಗಿಲು ಒಂದು ಗೇಣು ತೆರೆಯಿತು. ಹುಡುಗಿಯನ್ನು ನೂಕಿದೆ, ಚೀಲ ನೂಕಿದೆ, ಅಕ್ಕನನ್ನು ಹಿಂದಿನಿಂದ ಎತ್ತಿದೆ. ಗಾಡಿ ಅಲುಗಿದಾಗ ಅಕ್ಕನ ಒಂದು ಚಪ್ಪಲಿ ಕಾಲಿನಿಂದ ಜಾರಿ ಪ್ಲಾಟ್‌ಫಾರ್ಮಿನ ಅಂಚಿಗೆ ಬಿತ್ತು. ನಾನು ಅದನ್ನು ಎತ್ತಿಕೊಳ್ಳುವಷ್ಟರಲ್ಲಿ ಬಾಗಿಲು ಮುಂದೆ ಹೋಗಿಬಿಟ್ಟಿತ್ತು. ಠಾಣೆಯಿಂದ ಠಾಕುರ್ಲಿಯವರೆಗೆ ಆ ಒಂಟಿ ಚಪ್ಪಲಿಯನ್ನು ಡೈರಿಯ ಜೊತೆ ಚೀಲದಲ್ಲಿಟ್ಟುಕೊಂಡು ಬಂದೆ.

ಮರುದಿನ ಮಧ್ಯಾಹ್ನದವರೆಗೆ ನಾನು ಒಲೆ ಹಚ್ಚಲಿಲ್ಲ. ಕಂಪ್ಯೂಟರನ್ನು ಮೊದಲ ಸಲ ಒಬ್ಬಳೇ ಹಾಕಿದೆ. ಗಾಡಿ ಎಲ್ಲಿಗೆ ಮುಟ್ಟಿದೆ ಎಂದು ತೋರಿಸುವ ಪುಟವೂ ಪುಕ್ಕಟೆ ಇತ್ತು, ನಿಮ್ಮ ಅಮ್ಮ ಮಾಡುವುದನ್ನು ನೋಡಿ ನೋಡಿ ದಾರಿ ಗೊತ್ತಾಗಿತ್ತು. ಉಡುಪಿಗೆ ಮುಕ್ಕಾಲು ಗಂಟೆ ತಡವಾಗಿ ಮುಟ್ಟಿದೆ ಎಂದು ಅದು ಹೇಳಿತು. ಆದರೆ ಗಾಡಿ ಮುಟ್ಟಿದ್ದನ್ನು ಹೇಳುತ್ತದೆಯೇ ಹೊರತು, ಅದರಲ್ಲಿ ಕೂತವಳು ಮುಟ್ಟಬೇಕಾದ ಕಡೆ ಮುಟ್ಟಿದಳೇ ಎಂದು ಅದು ಹೇಳುವುದಿಲ್ಲ. ಹನ್ನೆರಡೂ ಕಾಲಿಗೆ ಫೋನು ಬಂತು. ಅಕ್ಕನದಲ್ಲ, ಹುಡುಗಿಯದು.

"ಆಂಟಿ, ಹೋ ಗಯಾ. ಹನ್ನೊಂದಕ್ಕೆ ಮುಟ್ಟಿದೆವು. ಸೀಟ್ ಮಿಲ್ ಗಯಿ." ಆಮೇಲೆ, "ಅಮ್ಮ ಒಂದೇ ಚಪ್ಪಲ್ ಮೇ ಆಯಿ ಕಾಲೇಜ್ ತಕ್" ಎಂದು ನಕ್ಕಳು. ನಗುತ್ತಲೇ ಅತ್ತಳು ಎಂದು ನನಗೆ ಅನಿಸಿತು.

ಫೋನು ಇಟ್ಟು, ಆ ಪುಟದ ಮೇಲೆ ಗೆರೆ ಎಳೆದೆ. ದೊಡ್ಡವನು ಕೇಳಿದ ಗೆರೆ ಅದು.

ಅಕ್ಕ ಹದಿನೈದು ದಿನ ಬಿಟ್ಟು ಬಂದರು. ಎದುರು ಮನೆಯ ಬೀಗ ತೆರೆದ ಸದ್ದು ಕೇಳಿಸಿತು, ಆದರೆ ನನ್ನ ಬಾಗಿಲು ಬಡಿಯಲಿಲ್ಲ. ನಾನೂ ಹೋಗಲಿಲ್ಲ. ಸಂಕೋಚ ಎಂಬ ಹೆಸರಿನಲ್ಲಿ ನಾನು ಬಹಳ ಸಲ ಹೀಗೆ ಸುಮ್ಮನಿದ್ದು ಜನರನ್ನು ನೋಯಿಸಿದ್ದೇನೆ ಎಂದು ಆ ದಿನಗಳಲ್ಲಿ ಹೊಳೆಯಿತು. ಪರದೆಯ ಮುಂದೆ ಕುಳಿತು ಎಲ್ಲ ತಿಳಿದುಕೊಂಡವಳಿಗೆ, ಎದುರು ಬಾಗಿಲಿಗೆ ಹೋಗಿ ನಾಲ್ಕು ಮಾತು ಹೇಳುವುದು ಹೇಗೆಂದು ತಿಳಿದಿರಲಿಲ್ಲ. ಮೂರನೆಯ ದಿನ ಚಪ್ಪಲಿ ಒರೆಸಿ, ಪೇಪರಿನಲ್ಲಿ ಸುತ್ತಿ, ಹೋಗಿ ಬಾಗಿಲು ತಟ್ಟಿದೆ.

ಅಕ್ಕ ಪೊಟ್ಟಣ ಬಿಡಿಸಿ ನೋಡಿದರು. "ಇನ್ನೊಂದನ್ನು ಉಡುಪಿಯಲ್ಲಿ ಬಿಸಾಡಿ ಬಂದೆ ಮಾರಾಯ್ತಿ. ಈಗ ಇದನ್ನು ಹಿಡಿದು ನಾನೆಂತ ಮಾಡುದು?"

"ತಪ್ಪಾಯಿತು ಅಕ್ಕ" ಎಂದೆ.

"ಗೊತ್ತುಂಟು" ಎಂದರು. ಆಮೇಲೆ ಒಳಗೆ ಹೋಗಿ ಚಹಾಕ್ಕೆ ನೀರಿಟ್ಟರು. ಆದರೆ ತುಂಬ ದಿನ ನನ್ನನ್ನು ಎನ್‌ಕ್ವಾಯರಿ ಎಂದು ಕರೆಯಲಿಲ್ಲ. ಬಿಲ್ಡಿಂಗಿನವರು ಬರುತ್ತಿದ್ದರು, ಅಕ್ಕ ಏನೂ ಕೇಳುತ್ತಿರಲಿಲ್ಲ. ಅದು ನನಗೆ ಬೈಗುಳಕ್ಕಿಂತ ಭಾರವಾಗಿತ್ತು.

ದೀಪಾವಳಿಗೆ ಹುಡುಗಿ ಮೊದಲ ಸಲ ರಜೆಗೆ ಬಂದಳು. ಅವಳು ವಾಪಸು ಹೊರಡುವ ಎರಡು ದಿನ ಮೊದಲು ಅಕ್ಕ ಬಾಗಿಲಲ್ಲಿ ನಿಂತರು. ಸೆರಗಿಗೆ ಕೈ ಒರೆಸಿಕೊಳ್ಳುತ್ತಾ, ನನ್ನ ಮುಖ ನೋಡದೆ ಕೇಳಿದರು: "ಆ ಗಾಡಿ ಕಲ್ಯಾಣಿಗೆ ಎಷ್ಟು ಗಂಟೆಗೆ?"

ಡೈರಿ ಕಪಾಟಿನ ಮೇಲೇ ಇತ್ತು. ನಾನು ಅದನ್ನು ಮುಟ್ಟಲಿಲ್ಲ.

"ಗೊತ್ತಿಲ್ಲ ಅಕ್ಕ" ಎಂದೆ. "ಬನ್ನಿ, ನೋಡುವಾ."

ಕಂಪ್ಯೂಟರ್ ಹಾಕಿದೆ. ಅಕ್ಕ ಪಕ್ಕದ ಸ್ಟೂಲಿನಲ್ಲಿ ಕುಳಿತರು, ಹುಡುಗಿ ಹಿಂದೆ ನಿಂತಳು. ಪುಟ ತೆರೆಯಲು ಸ್ವಲ್ಪ ಹೊತ್ತು ಹಿಡಿಯಿತು. ಸಮಯ ನೋಡಿದ ಮೇಲೆ ನಾನು ಚಪ್ಪಲಿ ಮೆಟ್ಟಿಕೊಂಡೆ.

"ಎಲ್ಲಿಗೆ?" ಎಂದರು ಅಕ್ಕ.

"ಕಲ್ಯಾಣಿಗೆ. ಕಿಟಕಿಯಲ್ಲಿ ಒಂದು ಸಲ ಕೇಳಿ ಬರುವಾ."

"ನಾನೂ ಬರ್ತೇನೆ, ನಿಲ್ಲು" ಎಂದರು ಅಕ್ಕ. ಹುಡುಗಿ ನಗುತ್ತಾ, "ಅಮ್ಮ, ಎರಡೂ ಚಪ್ಪಲ್ ಪೆಹನ್ನಾ" ಎಂದಳು.